ಭರತ ನೋಡಿ ಹೊರಡಿ: ಅಘನಾಶಿನಿ ಅಳಿವೆಯಲ್ಲಿ ವಲಸೆ ಹಕ್ಕಿಗಳ ಕಾಲ

ಹಕ್ಕಿ ನೋಡಬೇಕಾದರೆ ಬೆಳಕು ಹರಿಯುವ ಮೊದಲೇ ಹೋಗಬೇಕು ಅನ್ನುವ ಮಾತು ಶಿರಸಿಯ ಅಡಕೆ ತೋಟಕ್ಕೆ ಸರಿ, ಕುಮಟಾದ ಗಜನಿಗೆ, ಅಂದರೆ ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಗೆ, ಸರಿಯಲ್ಲ. ಹೊಳೆ ಕಡಲು ಸೇರುವ ಅಳಿವೆಯ ಹಕ್ಕಿಗೆ ಸೂರ್ಯ ಹುಟ್ಟಿದರೆಷ್ಟು, ಬಿಟ್ಟರೆಷ್ಟು. ಅದಕ್ಕೆ ಬೇಕಾದದ್ದು ನೀರು ಇಳಿದು ಬಯಲಾದ ಕೆಸರು. ರಾತ್ರಿ ಇಳಿತವಿದ್ದರೆ ಕತ್ತಲಲ್ಲೇ ಮೇಯುತ್ತದೆ, ಹಗಲು ಭರತ (ನೀರಿನ ಉಬ್ಬರ) ಇದ್ದರೆ ಒಂಟಿಕಾಲಲ್ಲಿ ನಿಂತು ತೂಕಡಿಸುತ್ತದೆ. ಆರು ಗಂಟೆಗೇ ಅಳಿವೆಯ ಬಾಯಲ್ಲಿರುವ ತದಡಿಗೆ ಹೋಗಿ, ಅರ್ಧ ಮೈಲಿಯಾಚೆ ಎಳ್ಳು ಚೆಲ್ಲಿದ ಹಾಗೆ ಕಾಣುವ ಚುಕ್ಕೆಗಳನ್ನು ಕಂಡು, 'ಈ ವರ್ಷ ಹಕ್ಕಿ ಕಡಿಮೆ' ಎಂದು ವಾಪಸಾಗುವವರು ಬಹಳ. ಹಕ್ಕಿ ಕಡಿಮೆಯಾಗಿರುವುದಿಲ್ಲ, ಹೋದ ಹೊತ್ತು ತಪ್ಪಿರುತ್ತದೆ.

ಅಘನಾಶಿನಿ ಅಣೆಕಟ್ಟಿಲ್ಲದ ಹೊಳೆ. ಘಟ್ಟದ ಮೇಲಿನ ಹೂಳು ಯಾವ ತಡೆಯೂ ಇಲ್ಲದೆ ಕೆಳಗಿಳಿದು, ಮಿರ್ಜಾನದಿಂದ ತದಡಿಯವರೆಗೆ ಹರಡಿಕೊಳ್ಳುತ್ತದೆ. ಹುಳ, ಏಡಿಮರಿ, ಬೆಳಚು (ಚಿಪ್ಪಿಮೀನು) ತುಂಬಿದ ಆ ಕೆಸರೇ ವಲಸೆ ಹಕ್ಕಿಯ ಊಟದ ಎಲೆ. 2024ರ ಜನವರಿಯಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಅಷ್ಟನ್ನೂ ಒಬ್ಬರು ನೋಡಲಾಗದು, ನೋಡಬೇಕಾಗಿಯೂ ಇಲ್ಲ. ಮನೆಯಿಂದ ಅರ್ಧ ತಾಸಿನಲ್ಲಿ ಮುಟ್ಟುವ ಒಂದೇ ಒಂದು ಒಡ್ಡು, ಅದರ ಒಂದು ಬದಿಗೆ ಗಜನಿ ಗದ್ದೆ, ಇನ್ನೊಂದು ಬದಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡವಿಲ್ಲದ ಬಯಲು ಕೆಸರು: ಇಷ್ಟು ಸಿಕ್ಕಿದರೆ ಸಾಕು. ವಾರಕ್ಕೊಮ್ಮೆ ಅಲ್ಲಿಗೇ ಹೋಗಿ. ಹತ್ತು ಜಾಗವನ್ನು ಒಂದೊಂದು ಸಲ ನೋಡಿದವರಿಗೆ ಪಟ್ಟಿ ಉದ್ದವಾಗುತ್ತದೆ, ಒಂದೇ ಜಾಗವನ್ನು ಹತ್ತು ಸಲ ನೋಡಿದವರಿಗೆ ವಲಸೆ ಕಾಣುತ್ತದೆ.

ಭರತದ ಲೆಕ್ಕ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ದೊಡ್ಡ ಭರತದ ದಿನಗಳಲ್ಲಿ ನೀರಿನ ಏರಿಳಿತ ಸುಮಾರು 2 ಮೀಟರ್. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಮುಂದಿನ ಒಂದೆರಡು ದಿನ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸು ಕಡಿಮೆ. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಳೆಯ ಲೆಕ್ಕದಲ್ಲಿ ತಿಥಿಗೆ ಎರಡು ಗಳಿಗೆ. ಇಷ್ಟು ಮೀನುಗಾರರ ಮನೆಯ ಮಕ್ಕಳಿಗೂ ಗೊತ್ತು. ಹಕ್ಕಿ ನೋಡುವವರು ತಿಳಿಯಬೇಕಾದದ್ದು ಇದರ ಮುಂದಿನದು.

ಹುಣ್ಣಿಮೆ–ಅಮಾವಾಸ್ಯೆಗಳಲ್ಲಿ ಇಲ್ಲಿ ತುಂಬು ಭರತ ಬರುವುದು ನಡುಹಗಲಿನ ಹತ್ತಿರ. ಅಂದರೆ ಆ ದಿನಗಳ ಬೆಳಗಿನ ಜಾವಕ್ಕೆ ನೀರು ತಳ ಕಂಡಿರುತ್ತದೆ, ಹಕ್ಕಿಗಳು ಕೆಸರಿನ ದೂರದ ಅಂಚಿನಲ್ಲಿರುತ್ತವೆ. ಎಂಟೂವರೆ, ಒಂಬತ್ತರ ಹೊತ್ತಿಗೆ ನೀರು ಏರತೊಡಗಿ ಅವನ್ನು ಒಡ್ಡಿನ ಕಡೆಗೆ ದೂಡಿಕೊಂಡು ಬರುತ್ತದೆ. ತುಂಬು ಭರತಕ್ಕೆ ಎರಡು ತಾಸು ಇದ್ದಾಗಿನಿಂದ ಅರ್ಧ ತಾಸು ಇರುವವರೆಗೆ, ಈ ಒಂದೂವರೆ ತಾಸೇ ನಿಜವಾದ ಹೊತ್ತು. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಚರಗ ಚೆಲ್ಲಿ, ತಿಂಡಿ ತಿಂದು ನಿಧಾನಕ್ಕೆ ಹೊರಟವರಿಗೆ ಕತ್ತಲಲ್ಲೇ ಎದ್ದು ಓಡಿದವರಿಗಿಂತ ಹೆಚ್ಚು ಹಕ್ಕಿ ಕಂಡರೆ ಆಶ್ಚರ್ಯವಿಲ್ಲ. ಅಷ್ಟಮಿ–ನವಮಿಗೆ ಹೆಚ್ಚುಕಡಿಮೆ ತಿರುವುಮುರುವು: ಬೆಳಿಗ್ಗೆ, ಸಂಜೆ ಭರತ, ನಡುಹಗಲು ಇಳಿತ. ಆದರೆ ಆಗಿನ ಭರತಕ್ಕೆ ಬಲವಿಲ್ಲ. ಕೆಸರಿನ ದಿಬ್ಬಗಳು ಪೂರ್ತಿ ಮುಳುಗದೆ ಹಕ್ಕಿಗಳು ಚದುರಿಯೇ ಉಳಿಯುತ್ತವೆ.

ಕಾರವಾರ ಬಂದರಿನ ಭರತದ ಪಟ್ಟಿ ಮೊಬೈಲಿನಲ್ಲಿ ಸಿಗುತ್ತದೆ. ಅದನ್ನು ಹಾಗೇ ನಂಬಿದರೆ ಮೂರು ಕಡೆ ಎಡವುತ್ತೀರಿ. ಪಟ್ಟಿಯ ಹೊತ್ತು ಸಮುದ್ರದ ಬಾಯಿಗೆ, ಒಳಗೆ ಹೋದಷ್ಟೂ ಭರತ ತಡವಾಗಿ ಮುಟ್ಟುತ್ತದೆ. ಒಡ್ಡಿನ ಅಂಚಿಗೆ ಒಂದು ಕೋಲು ನೆಟ್ಟು, ನೀರು ಏರುವುದು ನಿಂತ ಹೊತ್ತನ್ನು ಮೂರು ಭೇಟಿಯಲ್ಲಿ ಬರೆದಿಟ್ಟರೆ ನಿಮ್ಮ ಜಾಗದ ತಡ ಎಷ್ಟೆಂದು ಗೊತ್ತಾಗುತ್ತದೆ. ಎರಡನೆಯದು, ಒಂದೇ ದಿನದ ಎರಡು ಭರತಗಳು ಸಮನಾಗಿರುವುದಿಲ್ಲ. ಹೊತ್ತಿನ ಜೊತೆಗೆ ಎತ್ತರದ ಅಂಕಿಯನ್ನೂ ನೋಡಿ, ನಿಮ್ಮ ಎದುರಿನ ದಿಬ್ಬ ಎಷ್ಟು ಮೀಟರಿಗೆ ಮುಳುಗುತ್ತದೆ ಎಂಬುದನ್ನು ಒಮ್ಮೆ ಗುರುತು ಮಾಡಿಕೊಳ್ಳಿ. ಆಮೇಲೆ ಮನೆಯಲ್ಲೇ ಕುಳಿತು ಹೋಗಬೇಕೋ ಬೇಡವೋ ಹೇಳಬಹುದು. ಮೂರನೆಯದು ಮಳೆ. ಹಸ್ತ, ಚಿತ್ತಾ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗಿ ಘಟ್ಟದಲ್ಲಿ ಸುರಿದರೆ, ಮರುದಿನ ಹೊಳೆ ತುಂಬಿ ಪಟ್ಟಿಯಲ್ಲಿದ್ದ ಇಳಿತ ಅಳಿವೆಯಲ್ಲಿ ಕಾಣುವುದೇ ಇಲ್ಲ.

ತುಂಬು ಭರತದಲ್ಲಿ ಹಕ್ಕಿಗಳು ಒತ್ತಾಗಿ ನಿಲ್ಲುವ ಒಂದು ತಾಣ ಇರುತ್ತದೆ: ಒಡ್ಡಿನ ನೆತ್ತಿ, ಮರಳ ಕೋಡಿ, ಕೊಯ್ಲಾದ ಗಜನಿ. ಎಣಿಕೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಕಾಟ ಕೊಡುವುದಕ್ಕೆ ಅದಕ್ಕಿಂತ ಕೆಟ್ಟ ಜಾಗವೂ ಇಲ್ಲ. ಸಾವಿರಾರು ಮೈಲಿ ಹಾರಿ ಬಂದದ್ದು ಅಲ್ಲಿ ದಣಿವಾರಿಸಿಕೊಳ್ಳುತ್ತಿರುತ್ತದೆ, ಏಳಿಸಿದರೆ ಕೂರಲು ಇನ್ನೊಂದು ಒಣ ಜಾಗ ಇರುವುದಿಲ್ಲ. ಮೇಯುವುದು ನಿಂತು ಕತ್ತು ಎತ್ತಿದವೆಂದರೆ ನೀವು ಆಗಲೇ ಹತ್ತಿರವಾದಿರಿ. ನಡೆದು ದೂರ ಸರಿಯತೊಡಗಿದರೆ ಹತ್ತು ಹೆಜ್ಜೆ ಹಿಂದೆ ಬನ್ನಿ. ನೇರ ಅವುಗಳತ್ತ ನಡೆಯುವುದಕ್ಕಿಂತ ಒಡ್ಡಿನ ಬುಡದಲ್ಲಿ ಮೊದಲೇ ಹೋಗಿ ಕೂತುಬಿಡುವುದು ಮೇಲು. ನೀರು ಹಕ್ಕಿಯನ್ನು ತಾನಾಗಿಯೇ ತರುತ್ತದೆ. ಇದ್ದಕ್ಕಿದ್ದಂತೆ ಎಲ್ಲವೂ ಒಟ್ಟಿಗೆ ಎದ್ದರೆ ಹಿಂಡನ್ನು ಬಿಟ್ಟು ಆಕಾಶ ನೋಡಿ. ಗರುಡ ತೇಲಿದರೆ ಅರ್ಧ ಹಿಂಡು ಏಳುತ್ತದೆ, ಪೆರೆಗ್ರಿನ್ ಚಾಣ ಬಂದರೆ ಒಂದೂ ಉಳಿಯುವುದಿಲ್ಲ.

ಕೆಸರಿಗೆ ಇಳಿಯಬೇಡಿ. ಬೆಳಚು ಹೆಕ್ಕುವವರಿಗೆ ಗಟ್ಟಿ ನೆಲ ಎಲ್ಲಿದೆಯೆಂದು ಗೊತ್ತು, ನಮಗೆ ಗೊತ್ತಿಲ್ಲ. ಮುರಿದ ಚಿಪ್ಪು ಚಪ್ಪಲಿಯನ್ನೂ ಕೊಯ್ಯುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಮುಂದೆ ನೋಡುತ್ತ ನಿಂತಾಗ ಬೆನ್ನ ಹಿಂದಿನ ಕಿರುಕಾಲುವೆ ತುಂಬಿಬಿಡುವುದು.

ಮಳೆ ನಕ್ಷತ್ರದ ಪ್ರಕಾರ

ಆಗಸ್ಟ್, ಸೆಪ್ಟೆಂಬರ್ ಎನ್ನುವುದಕ್ಕಿಂತ ಮಳೆ ನಕ್ಷತ್ರಗಳ ಹೆಸರಿನಲ್ಲಿ ನೆನಪಿಡುವುದು ನಮ್ಮಲ್ಲಿ ಸುಲಭ. ಎರಡೆರಡು ವಾರದ ತುಂಡು, ವಲಸೆಯ ಅಲೆಗಳೂ ಹೆಚ್ಚುಕಡಿಮೆ ಅಷ್ಟೇ ಅಗಲ.

ಮಘೆ ಮಳೆ ಬೀಳುವಾಗ, ಆಗಸ್ಟಿನ ಎರಡನೇ ಅರ್ಧಕ್ಕೆ, ಮೊದಲ ತಂಡ ಇಳಿದಿರುತ್ತದೆ. ಇವು ಮರಿ ಮಾಡಿ ಮುಗಿಸಿದ ಬೆಳೆದ ಹಕ್ಕಿಗಳು. ಟಿಬೆಟ್ ಕಡೆಯಿಂದ ಬರುವ, ಕೆಸರಲ್ಲಿ ಮೇಯುವ ಸಣ್ಣ ಹಕ್ಕಿ ಸ್ಯಾಂಡ್ ಪ್ಲವರ್‌ಗಳ ಎದೆಯಲ್ಲಿ ಇಟ್ಟಿಗೆ ಕೆಂಪು ಇನ್ನೂ ಉಳಿದಿರುತ್ತದೆ, ಬಣ್ಣದ ಸೀರೆ ಎರಡು ಸಲ ಒಗೆದ ಹಾಗೆ. ಮರಿಗಳು ತಾಯಿ ತಂದೆಯ ಜೊತೆ ಬರುವುದಿಲ್ಲ. ಒಂದು ತಿಂಗಳು ತಡವಾಗಿ, ದಾರಿ ತೋರುವವರಿಲ್ಲದೆ, ತಾವೇ ಬರುತ್ತವೆ. ಉತ್ತರಾ ಮಳೆಯಿಂದ ಹಸ್ತದವರೆಗೆ, ರೆಕ್ಕೆಯ ಒಂದೊಂದು ಗರಿಗೂ ತಿಳಿ ಬಣ್ಣದ ಅಂಚಿರುವ, ಮೀನಿನ ಹುರುಪೆಯಂತೆ ಕಾಣುವ ಹೊಸ ಹಕ್ಕಿಗಳು ಕಂಡರೆ ಅವು ಈ ವರ್ಷದ ಮರಿಗಳು. ಮೊದಲ ವರ್ಷದವು ಅಷ್ಟಾಗಿ ಹೆದರುವುದಿಲ್ಲ, ಚಿತ್ರ ತೆಗೆಯುವವರಿಗೆ ಅದೇ ಅನುಕೂಲ.

ಇಲ್ಲೊಂದು ಮೋಸವಿದೆ. ಜುಲೈಯಲ್ಲೋ ಆಗಸ್ಟಿನ ಮೊದಲ ವಾರದಲ್ಲೋ ಒಂದು ವಿಂಬ್ರೆಲ್ (ಬಾಗಿದ ಉದ್ದ ಕೊಕ್ಕಿನ ಹಕ್ಕಿ) ಕಂಡ ಮಾತ್ರಕ್ಕೆ ವಲಸೆ ಶುರುವಾಯಿತೆಂದು ಬರೆಯಬೇಡಿ. ಎಳೆ ಪ್ರಾಯದ ಕೆಲವು ಆ ವರ್ಷ ಉತ್ತರಕ್ಕೆ ಹೋಗದೆ ಮಳೆಗಾಲ ಪೂರ್ತಿ ಇಲ್ಲೇ ಕಳೆಯುತ್ತವೆ. ಗರಿ ಸವೆದು, ಬಣ್ಣ ಮಾಸಿದ್ದರೆ ಅದು ಹೋಗದೇ ಉಳಿದದ್ದು, ಹೊಸದಾಗಿ ಬಂದದ್ದಲ್ಲ.

ಹುಬ್ಬಾ, ಉತ್ತರಾ ಮಳೆಗೆ ಘಟ್ಟದ ಹಳ್ಳಗಳಲ್ಲಿ ಬಾಲ ಕುಣಿಸುವ ಬೂದು ಕುಂಡೆಕುಸ್ಕ. ಹಸ್ತಕ್ಕೆ ತೋಟಗಳಲ್ಲಿ ಎಲೆ ಉಲಿಯಕ್ಕಿ, ಬೇಲಿಸಾಲಿನಲ್ಲಿ ಕಂದು ಕಳಿಂಗ, ಗದ್ದೆ ಮೇಲಿನ ತಂತಿಗೆ ಕವಲುತೋಕೆಗಳ ಸಾಲು. ಚಿತ್ತಾಕ್ಕೆ ನವರಂಗ, ಬೂದು ಕಾಜಾಣ. ಸ್ವಾತಿ ಬರುವಷ್ಟರಲ್ಲಿ ಗಜನಿ ಮೇಲೆ ಜೌಗು ಸೆಳೆವ ತೇಲುತ್ತಿರುತ್ತದೆ, ಕಡಲ ಅಂಚಿನಲ್ಲಿ ಮೀನು ತಿನ್ನುವ ಗಲ್‌ಗಳು ಕೂಡತೊಡಗಿರುತ್ತವೆ. ಇದು ಪಂಚಾಂಗವಲ್ಲ, ಒಂದು ವಾರ ಆಚೀಚೆ ಆಗುತ್ತದೆ.

ಗಜನಿಯ ಒಳಗೆ

ಗಜನಿಯ ಉಪ್ಪು ತಾಳುವ ಭತ್ತ ಕಗ್ಗದ ಕೊಯ್ಲು ಅಕ್ಟೋಬರಿನಲ್ಲಿ. ಕೊಯ್ಲಿಗೂ ಸಿಗಡಿಗೆಂದು ತೂಬು ತೆರೆದು ಉಪ್ಪುನೀರು ಬಿಡುವುದಕ್ಕೂ ನಡುವೆ ಸಿಗುವ ದಿನಗಳು ಇಡೀ ಹಂಗಾಮಿನಲ್ಲೇ ಒಳ್ಳೆಯವು. ಕೂಳೆಯ ನಡುವೆ ತೇವ, ಅಲ್ಲಲ್ಲಿ ನಿಂತ ನೀರು. ಯಾವ ಹಕ್ಕಿ ಇರುತ್ತದೆ ಎಂಬುದನ್ನು ನೀರಿನ ಆಳವೇ ಹೇಳುತ್ತದೆ. ಒದ್ದೆ ಮಣ್ಣಿನ ಮೇಲೆ ಪ್ಲವರ್‌ಗಳು, ಹಳದಿ ಕುಂಡೆಕುಸ್ಕ, ಪಿಪಿಟ್. ಎರಡು ಮೂರು ಸೆಂಟಿಮೀಟರ್ ನೀರಿಗೆ ಲಿಟ್ಲ್ ಸ್ಟಿಂಟ್. ಐದರಿಂದ ಹತ್ತಕ್ಕೆ ರೆಡ್‌ಶ್ಯಾಂಕ್, ವುಡ್ ಸ್ಯಾಂಡ್‌ಪೈಪರ್. ಇನ್ನೂ ಆಳವಾದರೆ ಗ್ರೀನ್‌ಶ್ಯಾಂಕ್, ಗಾಡ್ವಿಟ್, ಬೆಳ್ಳಕ್ಕಿ. ತೂಬು ತೆರೆದು ಮೊಣಕಾಲು ನೀರಾಯಿತೆಂದರೆ ಸಣ್ಣವೆಲ್ಲ ಹೊರಗಿನ ಕೆಸರಿಗೆ ಹೋದವು. 'ನಿನ್ನೆ ಇದ್ದವು, ಇವತ್ತಿಲ್ಲ' ಎಂಬ ಬೆರಗಿಗೆ ಕಾರಣ ಬಹಳ ಸಲ ತೂಬಿನ ಹಲಗೆಯೇ. ಗದ್ದೆಯವರ ಹತ್ತಿರ ಒಂದು ಮಾತು ಕೇಳಿದರೆ ಯಾವ ದಿನ ನೀರು ಬಿಡುತ್ತಾರೆಂದು ತಿಳಿಯುತ್ತದೆ. ಒಡ್ಡಿನ ಮೇಲೆ ನಡೆಯುವುದಕ್ಕೂ ಅವರನ್ನೇ ಕೇಳಬೇಕು.

ಹೆಸರಿನ ವಿಷಯ. ಗೊರವ, ಉಲ್ಲಂಕಿ ಎಂಬ ಎರಡೇ ಮಾತಿನಲ್ಲಿ ನಮ್ಮವರು ಅರ್ಧ ಅಳಿವೆಯನ್ನು ಮುಗಿಸಿಬಿಡುತ್ತಾರೆ, ಹಾಗಾಗಿ ಇಲ್ಲಿ ಇಂಗ್ಲಿಷ್ ಹೆಸರುಗಳೇ ಇರಲಿ. ಗುರುತಿಸಲು ಬಣ್ಣಕ್ಕಿಂತ ನಡಿಗೆ ಮೊದಲು ನೋಡಿ. ಪ್ಲವರ್ ಕಣ್ಣಿನಿಂದ ಬೇಟೆಯಾಡುವ ಹಕ್ಕಿ: ಓಡಿ, ನಿಂತು, ಕುಕ್ಕಿ, ಮತ್ತೆ ಓಡುತ್ತದೆ. ಸ್ಯಾಂಡ್‌ಪೈಪರ್ ಜಾತಿಯವು ಕೊಕ್ಕಿನಿಂದ ತಡಕುತ್ತವೆ, ಹೊಲಿಗೆ ಯಂತ್ರದ ಹಾಗೆ ಬಿಡದೆ. ಇಷ್ಟರಿಂದಲೇ ಹಿಂಡು ಎರಡು ಪಾಲಾಗುತ್ತದೆ. ಆಮೇಲೆ: ಕತ್ತಿನ ಹಿಂಬದಿಗೆ ಬಿಳಿ ಪಟ್ಟಿ, ಕಪ್ಪು ಕಾಲು, ಎದೆಯ ಪಕ್ಕಕ್ಕಷ್ಟೇ ಕಲೆ ಇದ್ದರೆ ಕೆಂಟಿಶ್ ಪ್ಲವರ್. ಬಿಳಿ ಪಟ್ಟಿ ಇಲ್ಲದಿದ್ದರೆ ಸ್ಯಾಂಡ್ ಪ್ಲವರ್. ಕೊಕ್ಕು ಉದ್ದ ಮತ್ತು ದಪ್ಪ, ಹಾರುವಾಗ ಕಾಲು ಬಾಲದಾಚೆ ಚಾಚಿದ್ದರೆ ಗ್ರೇಟರ್. ಲೆಸ್ಸರ್ ಎಂದು ಕರೆಯುತ್ತಿದ್ದುದನ್ನು 2023ರಲ್ಲಿ ಸೈಬೀರಿಯನ್, ಟಿಬೆಟನ್ ಎಂದು ಎರಡು ಮಾಡಿದ್ದಾರೆ. ಚಳಿಗಾಲದ ಬೂದುಬಣ್ಣದಲ್ಲಿ ಇವೆರಡನ್ನು ಕಣ್ಣಳತೆಯಲ್ಲಿ ಬಿಡಿಸುವ ಹಟ ಬೇಡ, ಹಕ್ಕಿ ದಾಖಲಿಸುವ ಜಾಲತಾಣ ಈಬರ್ಡ್‌ನಲ್ಲಿ ಎರಡೂ ಹೆಸರು ಸೇರಿದ ಆಯ್ಕೆಯಿದೆ, ಅದನ್ನೇ ಒತ್ತಿ.

ಹಾರಿದಾಗ ರೆಕ್ಕೆಯ ಹಿಂಬದಿಯಂಚು ಅಗಲಕ್ಕೆ ಬೆಳ್ಳಗೆ ಕಂಡರೆ ರೆಡ್‌ಶ್ಯಾಂಕ್. ಬೆನ್ನಿನ ಮೇಲೆ ಬಿಳಿ ಬೆಣೆ ಹೊಡೆದಂತಿದ್ದು, 'ಟ್ಯೂ ಟ್ಯೂ ಟ್ಯೂ' ಎಂದು ಮೂರು ಸಲ ಕೂಗಿದರೆ ಗ್ರೀನ್‌ಶ್ಯಾಂಕ್. ಗಿಡ್ಡ ಕಿತ್ತಳೆ ಕಾಲು, ಮೇಲಕ್ಕೆ ಬಾಗಿದ ಕೊಕ್ಕು, ಏಡಿಯ ಹಿಂದೆ ಅಡ್ಡಾದಿಡ್ಡಿ ಓಟವಿದ್ದರೆ ಟೆರೆಕ್. ಹಳ್ಳದಂಚಿನ ಗ್ರೀನ್ ಸ್ಯಾಂಡ್‌ಪೈಪರ್‌ನ ರೆಕ್ಕೆಯಡಿ ಕಪ್ಪು, ಗದ್ದೆಯ ವುಡ್ ಸ್ಯಾಂಡ್‌ಪೈಪರ್‌ನದು ತಿಳಿ. ಕೂತಿದ್ದಾಗ ತಲೆಕೆಡಿಸಿಕೊಳ್ಳುವುದಕ್ಕಿಂತ ಅದು ತಾನಾಗಿ ಏಳುವವರೆಗೆ ಕಾಯುವುದು ಲೇಸು. ವಿಂಬ್ರೆಲ್ ಮತ್ತು ಕರ್ಲ್ಯೂ ಎರಡಕ್ಕೂ ಕುಡಗೋಲಿನಂಥ ಕೊಕ್ಕು. ನೆತ್ತಿಯ ಮೇಲೆ ಪಟ್ಟೆ, ಒಂದೇ ಮಟ್ಟದ ಏಳು ಸಿಳ್ಳೆ ಇದ್ದರೆ ವಿಂಬ್ರೆಲ್.

ಬೈನಾಕ್ಯುಲರ್ 8×42 ಸಾಕು. 10× ಕೈಯಲ್ಲಿ ನಡುಗುತ್ತದೆ, ಮೋಡದ ದಿನ ಮಬ್ಬು. ಹೊಸದಾಗಿ ಕೊಂಡವರು ಡಯಾಪ್ಟರ್ (ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಉಂಗುರ) ಹೊಂದಿಸದೆ ವರ್ಷಗಟ್ಟಲೆ ತಲೆನೋವು ಅನುಭವಿಸುತ್ತಾರೆ. ಬಲಗಣ್ಣಿನ ಕಡೆ ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲ ಕಣ್ಣಿನ ಉಂಗುರವನ್ನಷ್ಟೇ ತಿರುಗಿಸಿ ಅದೇ ವಸ್ತುವನ್ನು ಸ್ಪಷ್ಟ ಮಾಡಿ. ಒಮ್ಮೆ ಮಾಡಿದರೆ ಸಾಕು. ಅಳಿವೆಗೆ ಸ್ಪಾಟಿಂಗ್ ಸ್ಕೋಪ್ (ಕಾಲಿನ ಮೇಲೆ ನಿಲ್ಲಿಸುವ ದೂರದರ್ಶಕ) ಇದ್ದರೆ ಬೇರೆಯೇ ಲೋಕ. ಆದರೆ ಬಿಸಿಲೇರಿ ಕೆಸರಿನ ಮೇಲೆ ಝಳ ಕುಣಿಯತೊಡಗಿದ ಮೇಲೆ 60× ಹಾಕಿದರೂ ಕಾಣುವುದು ಕರಗುವ ಬೆಣ್ಣೆ. 20ರಿಂದ 30ರೊಳಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಅಳಿವೆಯ ಪೂರ್ವದ ದಡದಲ್ಲಿ ಪಶ್ಚಿಮಕ್ಕೆ ಮುಖಮಾಡಿ, ಸೂರ್ಯ ಬೆನ್ನಿಗಿರಲಿ. ಸಂಜೆ ಕಡಲ ಕಡೆ ನೋಡಿದರೆ ಎಲ್ಲ ಹಕ್ಕಿಯೂ ಕಪ್ಪು. ಉಪ್ಪುಗಾಳಿ ತಾಗಿದ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ಸಿಹಿನೀರಿನ ಒದ್ದೆಬಟ್ಟೆ, ಆಮೇಲೆ ಒಣದು. ಮಳೆಗಾಲದಲ್ಲಿ ಚೀಲದೊಳಗೇ ಬಿಟ್ಟರೆ ಮಸೂರಕ್ಕೆ ಬೂಸ್ಟು ಹಿಡಿಯುವುದು ಖಂಡಿತ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಬಣ್ಣ ತಿರುಗಿದಾಗ ಜೆಲ್ಲನ್ನು ಬಿಸಿಮಾಡಿ ಒಣಗಿಸುವುದು, ಇಷ್ಟೇ ಔಷಧ.

ಘಟ್ಟದ ಮೇಲೆ ಕಿವಿ

ಶಿರಸಿ, ಸಿದ್ದಾಪುರದ ತೋಟ, ಸೊಪ್ಪಿನ ಬೆಟ್ಟ, ಬೇಣ ಎಂಬ ಹುಲ್ಲುಗಾವಲುಗಳಲ್ಲಿ ಭರತದ ಲೆಕ್ಕ ಇಲ್ಲ, ಬೆಳಗಿನ ಏಳರಿಂದ ಒಂಬತ್ತೂವರೆ ಸರಿ. ಇಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ. ಅಡಕೆ ತಲೆಯಲ್ಲಿ ಕುಪ್ಪಳಿಸುವ ಹಸಿರು ಉಲಿಯಕ್ಕಿಗಳೆಲ್ಲ ಒಂದೇ ಅಚ್ಚು. ಗ್ರೀನಿಶ್ ವಾರ್ಬ್ಲರ್ 'ಚಿಸ್ವೀ' ಎಂದು ಒಂದೇ ಉಸಿರಿಗೆ ಎರಡಕ್ಷರ ನುಂಗಿ ಕೂಗುತ್ತದೆ. ಬೇಲಿಯ ಬುಡದಲ್ಲಿ, ಕಾಣಿಸಿಕೊಳ್ಳದೆ, 'ಚಕ್' ಎಂದು ಕಲ್ಲಿಗೆ ಕಲ್ಲು ತಾಗಿದಂತೆ ಸದ್ದು ಮಾಡುವುದು ಬ್ಲೈತ್ಸ್ ರೀಡ್ ವಾರ್ಬ್ಲರ್. ತೋಟದ ನೆರಳಲ್ಲಿ ನಡೆಯುತ್ತ ಬಾಲವನ್ನು ಮೇಲೆ ಕೆಳಗೆ ಕುಣಿಸದೆ ಇಡೀ ಹಿಂಭಾಗವನ್ನೇ ಅಡ್ಡಡ್ಡಕ್ಕೆ ತೂಗುವುದು ಕಾಡು ಕುಂಡೆಕುಸ್ಕ, ಎದೆಗೆ ಎರಡು ಕಪ್ಪು ಪಟ್ಟಿ.

ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ಒಳ್ಳೆಯ ಚಾಕರ, ಕೆಟ್ಟ ಯಜಮಾನ. ಬೇರೆ ಹಕ್ಕಿಗಳ ಕೂಗು ಅಣಕಿಸುವ ಭೀಮರಾಜ ಇರುವ ಕಾಡಿನಲ್ಲಿ ಅದರ ಮಾತನ್ನು ಹಾಗೇ ಬರೆದುಕೊಳ್ಳಬೇಡಿ. ಭೀಮರಾಜ ಗಿಡುಗನನ್ನೂ ಅಣಕಿಸುತ್ತದೆ, ಬೆಕ್ಕನ್ನೂ ಅಣಕಿಸುತ್ತದೆ. ಐದು ನಿಮಿಷದಲ್ಲಿ ಒಂದೇ ಮರದಿಂದ ಐದು ಜಾತಿ ಕೇಳಿಸಿದರೆ ಅಲ್ಲಿ ಕೂತಿರುವುದು ಭೀಮರಾಜನೇ.

ನವರಂಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ಮನೆಗೇ ಬರುತ್ತದೆ. ರಾತ್ರಿ ಹಾರುವ ಹಕ್ಕಿ, ದಣಿದು ಅಂಗಳದಲ್ಲೋ ಕೊಟ್ಟಿಗೆಯಲ್ಲೋ ಇಳಿಯುತ್ತದೆ, ದೀಪದ ಬೆಳಕಿಗೆ ಮರುಳಾಗಿ ಗಾಜಿನ ಕಿಟಕಿಗೆ ಬಡಿಯುತ್ತದೆ. ಹಾಗೆ ಬಿದ್ದದ್ದು ಸಿಕ್ಕಿದರೆ ಬಾಯಿಗೆ ನೀರು ಹನಿಸಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡುವ ಈ ಉಪಚಾರದಲ್ಲಿ ನೀರು ಶ್ವಾಸನಾಳಕ್ಕೆ ಹೋಗಿ ಹಕ್ಕಿ ಸಾಯುತ್ತದೆ. ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಕೊರೆದು, ತಳಕ್ಕೆ ಬಟ್ಟೆ ಹಾಸಿ, ಹಕ್ಕಿಯನ್ನಿಟ್ಟು ಮುಚ್ಚಿ. ಕತ್ತಲಾದ, ಸದ್ದಿಲ್ಲದ, ಬೆಕ್ಕು ಬಾರದ ಕೋಣೆಯಲ್ಲಿ ಒಂದೆರಡು ತಾಸು ಬಿಡಿ. ತೆಗೆತೆಗೆದು ನೋಡಬೇಡಿ, ಫೋಟೋ ಆಮೇಲಾಯಿತು. ಒಳಗೆ ಪಟಪಟ ಸದ್ದು ಕೇಳಿದರೆ ಪೊದೆಯ ಬುಡದಲ್ಲಿ ಪೆಟ್ಟಿಗೆ ಇಟ್ಟು ಮುಚ್ಚಳ ತೆರೆದು ದೂರ ಸರಿಯಿರಿ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಗೆ ಹೇಳುವುದೊಂದೇ ದಾರಿ. ಆರೋಗ್ಯವಾಗಿರುವ ನವರಂಗ ಮುಂಜಾನೆ ಮತ್ತು ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಬಂದ ದಿನವನ್ನು ಗುರುತಿಸಲು ಅದಕ್ಕಿಂತ ಸುಲಭದ ಹಕ್ಕಿ ಇಲ್ಲ.

ಸೋಂದಾದ ಮುಂಡಿಗೆಕೆರೆಯಲ್ಲಿ ಇದೇ ಹೊತ್ತಿಗೆ ಉಲ್ಟಾ ನಡೆಯುತ್ತಿರುತ್ತದೆ. ಮಳೆಗಾಲದ ಮೊದಲಿಗೆ ಬಂದು ಮುಂಡಿಗೆ ಪೊದೆಯ ಮೇಲೆ ಗೂಡುಕಟ್ಟಿದ ಬೆಳ್ಳಕ್ಕಿಗಳು ಮರಿ ಹಾರಿಸಿಕೊಂಡು ಚದುರುತ್ತವೆ. ಅದೂ ವಲಸೆಯೇ, ಸಣ್ಣ ದಾರಿಯದು. ಬಾತುಗಳಿಗೆ ಮುಂಡಗೋಡಿನ ಅತ್ತಿವೇರಿಗೆ ಹೋಗಬೇಕು, ಅದೂ ಡಿಸೆಂಬರಿಗೆ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳು ಮೀನು ಇಳಿಸುವ ಹೊತ್ತಿಗೆ ಗಲ್‌ಗಳು ಕೈಗೆಟುಕುವಷ್ಟು ಹತ್ತಿರ. ಗಲ್ ಕಲಿಯಲು ಅಷ್ಟು ಸುಲಭದ ಜಾಗ ಮತ್ತೊಂದಿಲ್ಲ, ವಾಸನೆ ತಡೆದುಕೊಂಡರೆ.

ಬರೆದಿಡುವುದು

ಎಣಿಸುವಾಗ ಮೊದಲು ಹತ್ತು ಹಕ್ಕಿಯನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಅಗಲವಿದೆಯೆಂದು ಕಣ್ಣಿಗೆ ಕಲಿಸಿ, ಆಮೇಲೆ ಅದೇ ಅಳತೆಯನ್ನು ಹಿಂಡಿನ ಮೇಲೆ ಸರಿಸುತ್ತ ಹೋಗಿ. ಹಾರುವ ಹಿಂಡನ್ನು ನಮ್ಮ ಕಣ್ಣು ಯಾವಾಗಲೂ ಕಡಿಮೆಯೇ ಎಣಿಸುತ್ತದೆ. ಈಬರ್ಡ್‌ಗೆ ಹಾಕುವುದಾದರೆ ಕಂಡದ್ದೆಲ್ಲ ಸೇರಿದ ಪೂರ್ಣ ಪಟ್ಟಿ ಹಾಕಿ, ಕಾಗೆ, ಗೊರವಂಕ ಬಿಡಬೇಡಿ. ಒಂದು ತಾಸಿಗೆ ಒಂದು ಪಟ್ಟಿ. ಟಿಪ್ಪಣಿಯಲ್ಲಿ ಭರತ ಏರುತ್ತಿತ್ತೋ ಇಳಿಯುತ್ತಿತ್ತೋ, ತೂಬು ತೆರೆದಿತ್ತೋ ಎಂದು ಒಂದು ಸಾಲು. ಅದಿಲ್ಲದಿದ್ದರೆ ಈ ವರ್ಷದ 300 ಮತ್ತು ಮುಂದಿನ ವರ್ಷದ 80ನ್ನು ಹೋಲಿಸಲು ಬರುವುದಿಲ್ಲ. ಕಾಲಿಗೆ ಬಣ್ಣದ ಪಟ್ಟಿ ಇರುವ ಹಕ್ಕಿ ಕಂಡರೆ ಯಾವ ಕಾಲು, ಗಂಟಿನ ಮೇಲೋ ಕೆಳಗೋ, ಮೇಲಿನಿಂದ ಕೆಳಗೆ ಯಾವ ಬಣ್ಣ, ಯಾವ ಅಕ್ಷರ ಎಂದು ಆಗಲೇ ಬರೆಯಿರಿ. ಮನೆಗೆ ಬಂದು ನೆನಪಿಸಿಕೊಂಡರೆ ಎಡ ಬಲ ಅದಲುಬದಲಾಗುತ್ತದೆ.

ಇಲ್ಲದ್ದನ್ನೂ ಬರೆಯಬೇಕು. ಬೂದು ಕುಂಡೆಕುಸ್ಕವನ್ನು ಸೆಪ್ಟೆಂಬರ್ 9ಕ್ಕೆ ಕಂಡೆ ಎಂದರೆ ಅದು 9ಕ್ಕೆ ಬಂತೆಂದಲ್ಲ. 2ನೇ ತಾರೀಕು ಅದೇ ಸಂಕದ ಹತ್ತಿರ ಅರ್ಧ ತಾಸು ನಿಂತು ನೋಡಿ ಇಲ್ಲ ಎಂದು ಬರೆದಿದ್ದರೆ ಮಾತ್ರ, 2 ಮತ್ತು 9ರ ನಡುವೆ ಬಂತು ಎನ್ನಬಹುದು.